ಗೋಡೆಯ ಮೇಲಿನ ಶಿಸ್ತು

ರಮೇಶ್‌ಬಾಬುವಿಗೆ ವರ್ಷಕ್ಕೊಂದು ಐಡಿಯಾ ಬರುತ್ತಿತ್ತು, ಅದೂ ಹೋಟೆಲಿನಲ್ಲಿ. ಬೆಂಗಳೂರಿನಲ್ಲಿ ಎಲ್ಲಾದರೂ ಮ್ಯಾನೇಜರುಗಳ ಸಭೆ ನಡೆಯಬೇಕು, ಇವನು ಅಲ್ಲಿ ಹೊಟ್ಟೆ ಬಿರಿಯೆ ಉಂಡು ತೂಕಡಿಸುತ್ತ ಯಾರೋ ತೋರಿಸಿದ ವಿಡಿಯೊ ನೋಡಬೇಕು, ಮರುದಿನ ಕುಡುಮಲಕುಂಟೆಯ ಕಾರ್ಖಾನೆಗೆ ಬಂದು ಅದು ತನಗೇ ಹೊಳೆದದ್ದೆಂಬಂತೆ ಮೇಜು ಕುಟ್ಟಬೇಕು. ಒಂದು ವರ್ಷ ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತು ಚಪ್ಪಾಳೆ ತಟ್ಟಿ ನಗುವ ವ್ಯಾಯಾಮ ಬಂತು. ಇನ್ನೊಂದು ವರ್ಷ ಹೊಲಿಗೆ ಹೆಂಗಸರಿಗೆಲ್ಲ ಹಳದಿ ಟೋಪಿ ಬಂತು. ಈ ವರ್ಷ ಬಂದದ್ದು ಟಿವಿ.

ಶಿರೀಷಾ ಆ ಗಾರ್ಮೆಂಟ್ಸಿನ ‘ಸಿಸ್ಟಂ ಮೇಡಂ’. ಮಂಡಿಕಲ್ ಕಡೆಯವಳು. ಅಪ್ಪನಿಗೆ ದ್ರಾಕ್ಷಿ ತೋಟವಿತ್ತು. ಅವಳು ಚಿಕ್ಕಬಳ್ಳಾಪುರದಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಮುಗಿಸಿ, ಮದುವೆಯಾಗಿ ಗೌರಿಬಿದನೂರಿಗೆ ಬಂದು, ಹತ್ತಿರದಲ್ಲೇ ಒಂದು ಕೆಲಸ ಸಿಕ್ಕಿತೆಂದು ಇಲ್ಲಿ ಸೇರಿಕೊಂಡಿದ್ದಳು. ಓದಿದ್ದಕ್ಕೂ ಮಾಡುತ್ತಿದ್ದ ಕೆಲಸಕ್ಕೂ ಸಂಬಂಧವಿರಲಿಲ್ಲ. ಪ್ರಿಂಟರಿಗೆ ಇಂಕು ಹಾಕುವುದು, ಕೆಟ್ಟ ಮೌಸ್ ಬದಲಾಯಿಸುವುದು, ರಮೇಶ್‌ಬಾಬುವಿಗೆ ಅವನ ಪಾಸ್‌ವರ್ಡ್ ನೆನಪಿಸುವುದು. ಪಾಸ್‌ವರ್ಡ್ ಬೇರೇನೂ ಅಲ್ಲ, ಅವನ ಮಗನ ಹೆಸರು. ಅದರ ಸ್ಪೆಲ್ಲಿಂಗೇ ಅವನಿಗೆ ಮರೆಯುತ್ತಿತ್ತು. ಎದುರಿಗೆ ಅವಳು ‘ಸರ್’ ಅನ್ನುತ್ತಿದ್ದಳು. ಮನಸ್ಸಿನಲ್ಲಿ ಮಾತ್ರ ಅವನಿಗೆ ಏಕವಚನ ದಾಟಿ ಮೇಲೆ ಹೋಗುವ ಯೋಗ್ಯತೆ ಎಂದೂ ಬಂದಿರಲಿಲ್ಲ.

“ನೋಡಮ್ಮಾ ಶಿರೀಷಾ,” ಅಂದ ರಮೇಶ್‌ಬಾಬು, ಕುರ್ಚಿಯನ್ನು ಆ ಕಡೆ ಈ ಕಡೆ ತಿರುಗಿಸುತ್ತ. “ಈ ಹೆಂಗಸ್ರು ಬಾತ್‌ರೂಮು ಅಂತ ಹೋಗ್ತಾರೆ. ಅಲ್ಲಿ ನಿಂತ್ಕೊಂಡು ಹರಟೆ ಹೊಡೀತಾರೆ. ಇಲ್ಲಿ ಟಾರ್ಗೆಟ್ ಬಿದ್ದೋಗುತ್ತೆ. ಅದಕ್ಕೆ ಪ್ರತಿ ಮಿಷನ್ನಿಗೂ ಎರಡು ಬಟನ್ನು. ಏಳೋವಾಗ ಹಸಿರು, ಬಂದು ಕೂತ್ಮೇಲೆ ಕೆಂಪು. ಗೋಡೆ ಮೇಲೆ ದೊಡ್ಡ ಟಿವಿ. ಯಾರು ಎಷ್ಟು ಸಲ ಹೋದ್ರು, ಎಷ್ಟೊತ್ತು ಹೋದ್ರು, ಎಲ್ಲಾ ಕಾಣ್ಬೇಕು. ಹೆಸ್ರು ಸಮೇತ.”

“ಹೆಸರು ಹಾಕ್ಲೇಬೇಕಾ ಸರ್? ಮಿಷನ್ ನಂಬರ್ ಹಾಕಿದ್ರೆ ಸಾಕಲ್ವಾ?”

“ಹೆಸ್ರಿಲ್ದೆ ನಾಚ್ಕೆ ಎಲ್ಲಿಂದ ಬರುತ್ತಮ್ಮ?”

ಎಂಥ ಹೊಲಸು ತಲೆ ಇದು ಅಂದುಕೊಂಡಳು ಶಿರೀಷಾ. ಆದರೂ ಒಪ್ಪಿಕೊಂಡಳು. ಕೆಲಸ ಹೋದೀತೆಂಬ ಭಯಕ್ಕಲ್ಲ. ಈ ಕಾರ್ಖಾನೆಗೆ ಸೇರಿದ ಮೇಲೆ ಇಂಕು, ಮೌಸ್ ಬಿಟ್ಟು ಬೇರೆ ಯಾವುದನ್ನಾದರೂ ಯಾರಾದರೂ ಅವಳನ್ನು ಕೇಳಿದ್ದು ಇದೇ ಮೊದಲು. ಅಂಗೈಯಷ್ಟು ದೊಡ್ಡ ಕಂಪ್ಯೂಟರ್ ಬೋರ್ಡು, ಒಂದಿಷ್ಟು ಗುಂಡಿ, ವೈರು ತರಿಸಿಕೊಂಡಳು. ಕಾಲೇಜಿನಲ್ಲಿ ಕಲಿತ ಪೈಥಾನ್ ಪ್ರೋಗ್ರಾಮಿಂಗನ್ನು ಧೂಳು ಕೊಡವಿ ತೆಗೆದಳು. ಯಾವ ಕೆಲಸಕ್ಕೆ ಮಾಡುತ್ತಿದ್ದೇನೆ ಅನ್ನುವುದನ್ನು ಪಕ್ಕಕ್ಕಿಟ್ಟರೆ, ಕೆಲಸ ಸೊಗಸಾಗಿತ್ತು.

ಮೊದಲ ಸಲ ಗುಂಡಿ ಒತ್ತಿದಾಗ ಪರದೆಯ ಮೇಲೆ ಒಂದರ ಬದಲು ನಾಲ್ಕು ಬಂತು. ಶಿರೀಷಾ ಹಳೆಯ ಗೆಳತಿಯನ್ನು ಕಂಡವಳಂತೆ ನಕ್ಕಳು. ಗುಂಡಿಯೊಳಗೆ ಎರಡು ಲೋಹದ ತುಣುಕುಗಳಿರುತ್ತವೆ. ಒತ್ತಿದಾಗ ಅವು ತೆಪ್ಪಗೆ ಅಂಟಿಕೊಳ್ಳುವುದಿಲ್ಲ, ಕಣ್ಣಿಗೆ ಕಾಣದಷ್ಟು ಹೊತ್ತು ತಟತಟ ಅದುರಿ ಆಮೇಲೆ ನಿಲ್ಲುತ್ತವೆ. ಮನುಷ್ಯನಿಗೆ ಅದು ಒಂದೇ ಒತ್ತು. ಕಂಪ್ಯೂಟರಿಗೆ ಪ್ರತಿ ಅದುರೂ ಒಂದೊಂದು ಒತ್ತು. ಮೊದಲ ಅದುರನ್ನು ಹಿಡಿದುಕೊಂಡು, ಮುಂದಿನ ಕ್ಷಣದ ಗಲಾಟೆಗೆ ಕಿವಿ ಮುಚ್ಚಿಕೋ ಎಂದು ಅದಕ್ಕೆ ಬರೆದು ಹೇಳಬೇಕು.

ಎರಡನೆಯ ತೊಡಕು ಪರದೆಯದು. ಅಷ್ಟೂ ಹೆಸರುಗಳನ್ನು ಟಿವಿಯ ಮೇಲೆ ಬಿಡಿಸುವುದಕ್ಕೆ ಆ ಪುಟ್ಟ ಬೋರ್ಡಿಗೆ ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಬಿಡಿಸುತ್ತಿರುವಾಗ ಅದು ಗುಂಡಿಗಳ ಕಡೆ ನೋಡುತ್ತಲೇ ಇರಲಿಲ್ಲ. ಆ ಹೊತ್ತಿನಲ್ಲಿ ಒತ್ತಿದವರು ಒತ್ತಿಯೇ ಇಲ್ಲವೆಂದು ಲೆಕ್ಕ. ಎರಡು ಕೆಲಸವನ್ನೂ ಬೇರೆ ಮಾಡಬೇಕಿತ್ತು. ಒಂದು ಭಾಗ ಬರೀ ಒತ್ತುಗಳನ್ನು ಹಿಡಿದು ಸಾಲಾಗಿ ನಿಲ್ಲಿಸಿಕೊಳ್ಳಬೇಕು, ಇನ್ನೊಂದು ಭಾಗ ತನ್ನ ಪಾಡಿಗೆ ಸಾಲಿನಿಂದ ಒಂದೊಂದನ್ನೇ ತೆಗೆದು ಬಿಡಿಸುತ್ತಿರಬೇಕು. ಇನ್ನೆರಡು ವಾರ ಕೊಡಿ, ಪಕ್ಕಾ ಮಾಡಿಕೊಡುತ್ತೇನೆ ಅಂದಳು.

ಎರಡು ವಾರ ಎಲ್ಲಿತ್ತು? ಬಟ್ಟೆ ಕೊಳ್ಳುವ ವಿದೇಶಿ ಕಂಪನಿಯವರು ಅಷ್ಟರೊಳಗೆ ಕಾರ್ಖಾನೆ ನೋಡಲು ಬರುವವರಿದ್ದರು. ರಮೇಶ್‌ಬಾಬು ತನ್ನ ಷಡ್ಡಕನ ತಮ್ಮನನ್ನು ಕರೆಸಿದ.

ಅವನ ಹೆಸರು ಉದಯಕುಮಾರ್. ಚಿಂತಾಮಣಿಯಲ್ಲಿ ಟೈರ್ ಅಂಗಡಿಯ ಮಹಡಿ ಮೇಲೆ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ. ಕಾರ್ಡಿನ ಮೇಲೆ ‘ಆಟೊಮೇಷನ್ ಗುರು’ ಎಂದು ಅಚ್ಚು ಹಾಕಿಸಿಕೊಂಡಿದ್ದ. ಒಳಗೆ ಬರುವ ಮೊದಲೇ ಅವನ ಸೆಂಟು ಒಳಗೆ ಬಂತು. ಶಿರೀಷಾಳ ಮೇಜಿನ ಮುಂದೆ ನಿಂತು, ಅವಳು ಬರೆದ ಪ್ರೋಗ್ರಾಮನ್ನು ಮೇಲಿಂದ ಕೆಳಗೆ ಸರ್ರನೆ ಎಳೆದು ನೋಡಿ, ತುಟಿ ಕೊಂಕಿಸಿದ.

“ಇಷ್ಟೊಂದು ಯಾಕ್ ಬರ್ದಿದೀರಾ ಮೇಡಂ? ಸಿಂಪಲ್ ಲಾಜಿಕ್. ಬಟನ್ ಒತ್ತಿದ್ರೆ ಪ್ರಿಂಟ್ ಮಾಡು. ನೆಟ್ಟಲ್ಲಿ ರೆಡಿ ಸಿಗುತ್ತೆ.”

“ಒಂದೇ ಸಲ ಒತ್ತಿದ್ರೂ ನಾಲ್ಕೈದು ಸಲ ತಗೊಳುತ್ತೆ. ಬೌನ್ಸ್ ಆಗುತ್ತೆ.”

“ಬೌನ್ಸ್ ಆಗೋಕೆ ಇದೇನು ಚೆಕ್ಕಾ ಮೇಡಂ?” ಅಂದು ಅವನು ರಮೇಶ್‌ಬಾಬುವಿನ ಕಡೆ ನೋಡಿದ. ರಮೇಶ್‌ಬಾಬು ಹೊಟ್ಟೆ ಕುಣಿಸಿ ನಕ್ಕ. ಏನು ಅರ್ಥವಾಗಿ ನಕ್ಕ ಎನ್ನುವುದು ಅವನಿಗೂ ಗೊತ್ತಿರಲಾರದು.

ಒಂದು ಮಧ್ಯಾಹ್ನದಲ್ಲಿ ಉದಯಕುಮಾರ್ ಎಲ್ಲಿಂದಲೋ ಎತ್ತಿ ತಂದ ಪ್ರೋಗ್ರಾಮನ್ನು ಬೋರ್ಡಿಗೆ ತುಂಬಿದ. ಅದರ ಜೊತೆಗೆ ತನ್ನ ಸ್ವಂತ ಪ್ರತಿಭೆ ಎಂದು ಒಂದನ್ನು ಸೇರಿಸಿದ. ಆಗಾಗ ಟಿವಿಯ ಮೇಲೆ ಗುಲಾಬಿ ಅಕ್ಷರಗಳಲ್ಲಿ ‘ಸುಸ್ವಾಗತ’ ಎಂದು ಬಂದು, ರಮೇಶ್‌ಬಾಬುವಿನ ಹೆಸರೂ ಪದವಿಯೂ ಬಲದಿಂದ ಎಡಕ್ಕೆ ಮೆರವಣಿಗೆ ಹೋಗುವಂತೆ ಮಾಡಿದ. ಅಕ್ಷರಗಳು ನಿಧಾನವಾಗಿ ಹೋಗಲಿ ಎಂದು ಪ್ರತಿ ಹೆಜ್ಜೆಗೂ ಒಂದೊಂದು ‘ಸ್ಲೀಪ್’ ಹಾಕಿದ. ಅಂದರೆ ರಮೇಶ್‌ಬಾಬುವಿನ ಹೆಸರು ಗೋಡೆ ದಾಟುವ ತನಕ ಕಂಪ್ಯೂಟರು ನಿದ್ದೆ ಮಾಡುತ್ತಿತ್ತು.

ಇದು ತಪ್ಪು ಲೆಕ್ಕ ಕೊಡುತ್ತದೆಂದು ಶಿರೀಷಾ ಒಂದು ಸಲ ಹೇಳಿದಳು. ಎರಡನೆಯ ಸಲ ಹೇಳಲಿಲ್ಲ. ಹಾಕಲಿ, ಎಲ್ಲರೆದುರಿಗೆ ಬೀಳಲಿ, ಆ ಸೆಂಟಿನ ಮುಖ ಆಗ ಹೇಗಾಗುತ್ತದೋ ನೋಡೋಣ ಎಂದು ಕೈಕಟ್ಟಿ ಕೂತಳು. ಅದು ಬೀಳುವಾಗ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಅವಳು ಯೋಚಿಸಲೇ ಇಲ್ಲ.

ಬಿದ್ದದ್ದು ಲಕ್ಷ್ಮೀನರಸಮ್ಮನ ತಲೆಯ ಮೇಲೆ.

ಲಕ್ಷ್ಮೀನರಸಮ್ಮ ಆ ಲೈನಿನಲ್ಲಿ ಕಾಲರ್ ಕೂರಿಸುವವಳು. ಐವತ್ತರ ಹತ್ತಿರದ ಹೆಂಗಸು, ಮಂಚೇನಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅವಳು ಕೂರಿಸಿದ ಕಾಲರ್ ವಾಪಸು ಬಂದದ್ದೇ ಇಲ್ಲ. ಸೂಪರ್‌ವೈಸರುಗಳು ಏನೆಂದರೂ ತಲೆ ತಗ್ಗಿಸಿಕೊಂಡು ಕೆಲಸ ಮಾಡುತ್ತಿದ್ದಳು, ಜಗಳವೆಂದರೆ ಆಗದು. ಬೋರ್ಡು ಕೆಲಸ ಶುರು ಮಾಡಿದ ದಿನವೇ ವಿದೇಶಿ ಕಂಪನಿಯ ಪರವಾಗಿ ಒಬ್ಬ ಮೇಡಂ ಬಂದರು. ಬೆಂಗಳೂರಿನವರೇ, ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್. ರಮೇಶ್‌ಬಾಬು ಅವರನ್ನು ಟಿವಿಯ ಮುಂದೆ ನಿಲ್ಲಿಸಿ, ಮೈಕು ಹಿಡಿದು ಶಿಸ್ತಿನ ಬಗ್ಗೆ ಮಾತಾಡಿದ. ಅವನ ಹೆಸರು ಗುಲಾಬಿ ಬಣ್ಣದಲ್ಲಿ ಗೋಡೆ ದಾಟಿತು. ಆಮೇಲೆ ಪಟ್ಟಿ ಬಂತು.

ಎಲ್ಲಕ್ಕಿಂತ ಮೇಲೆ, ಕೆಂಪು ಬಣ್ಣದಲ್ಲಿ: ಲಕ್ಷ್ಮೀನರಸಮ್ಮ, ಹದಿನೆಂಟು ಸಲ. ಈಗಲೂ ಹೊರಗೆ. ಹೋಗಿ ಒಂದೂವರೆ ಗಂಟೆಯಾಯಿತು.

“ನೋಡಿ ಮೇಡಂ,” ಅಂದ ರಮೇಶ್‌ಬಾಬು ಮೈಕಿನಲ್ಲೇ. “ಹಿಂಗಿರ್ತಾರೆ ನಮ್ಮ ಜನ. ಹದಿನೆಂಟು ಸಲ! ಮನೇನೇ ಅಲ್ಲಿ ಮಾಡ್ಕೊಂಡಿದಾಳೆ ಅಂತ ಕಾಣುತ್ತೆ.”

ಇಸ್ತ್ರಿ ಸೆಕ್ಷನ್ನಿನ ಹುಡುಗರು ಕಿಸಕ್ಕೆಂದರು. ಗೋಡೆಗೊರಗಿದ್ದ ಮೆಕ್ಯಾನಿಕ್ ಮುನೇಶ್ ಜೋರಾಗಿಯೇ ನಕ್ಕ. ಮಿಷನ್ನುಗಳ ಸದ್ದು ಒಂದೊಂದಾಗಿ ನಿಂತಿತು. ಆ ಸಾಲಿನ ನಡುವೆ ಲಕ್ಷ್ಮೀನರಸಮ್ಮ ಎದ್ದು ನಿಂತಳು. ಕೈಯಲ್ಲಿ ಅರ್ಧ ಹೊಲಿದ ಕಾಲರ್ ಇತ್ತು.

“ಸಾ, ನಾನು ಇಲ್ಲೇ ಇದೀನಿ ಸಾ.”

“ಇಲ್ಲಿದ್ರೆ ಅಲ್ಲಿ ಯಾಕಮ್ಮ ಹೊರಗೆ ಅಂತ ತೋರಿಸ್ತದೆ?”

“ನಂಗೆ ಗೊತ್ತಿಲ್ಲ ಸಾ. ಹಸ್ರು ಒತ್ತಿ ಹೋದೆ. ಬಂದು ಕೆಂಪು ಒತ್ತಿ ಕೂತೆ. ಅಷ್ಟೊಂದು ಸಲ ಹೋಗಿಲ್ಲ ಸಾ, ದೇವ್ರಾಣೆಗೂ.”

“ಹಂಗಾದ್ರೆ ಕಂಪ್ಯೂಟರ್ ಸುಳ್ಳು ಹೇಳುತ್ತಾ? ನೀನು ನಿಜ ಹೇಳ್ತೀಯಾ?”

ಉದಯಕುಮಾರ್ ಮುಂದೆ ಬಂದು ಮೇಡಂಗೆ ಕೇಳಿಸುವಂತೆ ಹೇಳಿದ: “ಯೂಸರ್ ಮಿಸ್ಟೇಕ್ ಸರ್. ಇವ್ರಿಗೆಲ್ಲಾ ಬಟನ್ ಒತ್ತೋಕೆ ಬರಲ್ಲ. ಟ್ರೈನಿಂಗ್ ಕೊಡ್ಬೇಕು.”

ಲಕ್ಷ್ಮೀನರಸಮ್ಮನ ಕೈ ಅರ್ಧ ಹೊಲಿದ ಕಾಲರನ್ನು ಮುದ್ದೆ ಮಾಡುವುದನ್ನು ಶಿರೀಷಾ ಕಂಡಳು. ತಾನು ಕಾದು ಕೂತದ್ದು ಉದಯಕುಮಾರನ ಮುಖ ನೋಡುವುದಕ್ಕೆ. ಆ ಮುಖ ಬೆಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ನೋಡಬೇಕಾಗಿ ಬಂದದ್ದು ಈ ಕೈಯನ್ನು. ಟಿವಿಯ ಕೆಳಗಿದ್ದ ಕೀಬೋರ್ಡಿನ ಹತ್ತಿರ ಹೋದಳು. ಸಾಲಿನ ತುದಿಯಲ್ಲಿ ಒಂದು ಮಿಷನ್ ಖಾಲಿ ಇತ್ತು. ಅದರ ಎದುರು ಒಂದು ಹೆಸರು ಟೈಪ್ ಮಾಡಿ, ತನಗೆ ಸಾಧ್ಯವಿದ್ದಷ್ಟು ಸಿಹಿಯಾದ ದನಿಯಲ್ಲಿ ಕರೆದಳು.

“ಸರ್, ನೀವೇ ಒಂದ್ಸಲ ಒತ್ತಿ ತೋರಿಸಿಬಿಡಿ. ಹೆಂಗೆ ಒತ್ತೋದು ಅಂತ ಇವ್ರೂ ಕಲೀಲಿ.”

ಹತ್ತು ಜನರೆದುರು ಏನಾದರೂ ಮಾಡಿ ತೋರಿಸಿ ಎಂದರೆ ರಮೇಶ್‌ಬಾಬು ಬೇಡವೆಂದವನಲ್ಲ. ಅಂಗಡಿ ಉದ್ಘಾಟನೆಗೆ ರಿಬ್ಬನ್ ಕತ್ತರಿಸುವವನ ಗತ್ತಿನಲ್ಲಿ ನಡೆದು ಬಂದು ಹೆಬ್ಬೆಟ್ಟಿನಿಂದ ಹಸಿರು ಗುಂಡಿಯನ್ನು ಒತ್ತಿದ. ಒಂದೇ ಸಲ.

ಟಿವಿ ಹೇಳಿತು: ರಮೇಶ್‌ಬಾಬು, ಐದು ಸಲ. ಈಗ ಹೊರಗೆ.

ಕೊನೆಯ ಸಾಲಿನಲ್ಲಿ ಯಾರೋ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಅಲ್ಲಿಂದ ನಗು ಸಾಲು ಸಾಲಾಗಿ ಮುಂದಕ್ಕೆ ಹರಿದು ಬಂತು.

“ಕೆಂಪು ಒತ್ತಿ ಸರ್, ಒಳಗೆ ಬನ್ನಿ,” ಅಂದಳು ಶಿರೀಷಾ.

ಅವನು ಕೆಂಪು ಒತ್ತಿದ. ಅದೇ ಹೊತ್ತಿಗೆ ಗೋಡೆಯ ಮೇಲೆ ‘ಸುಸ್ವಾಗತ’ ಹೊರಟಿತ್ತು. ಅವನದೇ ಹೆಸರು ನಿಧಾನವಾಗಿ ಮೆರವಣಿಗೆ ಹೋಗುತ್ತಿತ್ತು, ಕಂಪ್ಯೂಟರು ಗೊರಕೆ ಹೊಡೆಯುತ್ತಿತ್ತು. ಮೆರವಣಿಗೆ ಮುಗಿದು ಪಟ್ಟಿ ಬಂದಾಗ ರಮೇಶ್‌ಬಾಬು ಇನ್ನೂ ಹೊರಗೇ ಇದ್ದ. ಮತ್ತೆ ಒತ್ತಿದ. ಸಿಟ್ಟಿನಲ್ಲಿ ಕೈಗೆ ಸಿಕ್ಕಿದ್ದನ್ನು ಒತ್ತಿದ, ಅದು ಹಸಿರು. ಒಂಬತ್ತು ಸಲ ಅಂತು ಟಿವಿ. ಹೆಂಗಸರು ಈಗ ಸೆರಗು ತೆಗೆದು ನಕ್ಕರು. ಉದಯಕುಮಾರ್ ವೈರು ಹುಡುಕುವವನಂತೆ ಟಿವಿಯ ಹಿಂದೆ ಸರಿದುಕೊಂಡ.

ಕಂಪನಿಯ ಮೇಡಂ ನಗಲಿಲ್ಲ. ಟ್ಯಾಬಿನಿಂದ ತಲೆ ಎತ್ತಿ, “ಟಾಯ್ಲೆಟ್ ಎಲ್ಲಿದೆ, ತೋರಿಸಿ” ಅಂದರು. ಸಾಲಾಗಿದ್ದ ಟಾಯ್ಲೆಟ್ಟುಗಳಲ್ಲಿ ಅರ್ಧಕ್ಕೆ ಬೀಗ. ಒಳಗೆ ರಟ್ಟಿನ ಪೆಟ್ಟಿಗೆಗಳು ಛಾವಣಿ ತನಕ ಪೇರಿಸಿದ್ದವು. ಉಳಿದವುಗಳ ಮುಂದೆ ಹೆಂಗಸರು ಕಾದು ನಿಂತಿದ್ದರು. ಹರಟೆ ಎಂದು ರಮೇಶ್‌ಬಾಬು ಹೇಳುತ್ತಿದ್ದದ್ದು ಇದನ್ನೇ. ಮೇಡಂ ಫೋಟೊ ತೆಗೆದುಕೊಂಡರು, ಮೂಗಿಗೆ ಕರವಸ್ತ್ರ ಹಿಡಿದು ಕಾರು ಹತ್ತಿದರು. ಮರುದಿನ ಪೆಟ್ಟಿಗೆಗಳು ಹೊರಗೆ ಬಂದವು. ಅವರು ಆರ್ಡರ್ ಕೊಟ್ಟದ್ದು ಖಾತ್ರಿಯಾದ ಮೇಲೆ ಅವುಗಳಲ್ಲಿ ಕೆಲವು ಮೆಲ್ಲಗೆ ಒಳಗೆ ಹೋದವು. ಅವರ ಕಾಳಜಿ ಆ ಫೋಟೊದಷ್ಟೇ ಅಗಲವಿತ್ತು.

ಮೇಡಂ ಬಂದು ಹೋದ ದಿನವೇ ಮಧ್ಯಾಹ್ನ ಊಟದ ಹೊತ್ತಿಗೆ ಲಕ್ಷ್ಮೀನರಸಮ್ಮ ನಲ್ಲಿಯ ಹತ್ತಿರ ಡಬ್ಬಿ ತೊಳೆಯುತ್ತಿದ್ದಳು. ಶಿರೀಷಾ ಅವಳ ಹತ್ತಿರ ಹೋದಳು. ನಾಲ್ಕು ಒಳ್ಳೆಯ ಮಾತು ಕೇಳುವ ಆಸೆ ಅವಳಿಗಿರಲಿಲ್ಲ ಎಂದರೆ ಸುಳ್ಳಾದೀತು.

“ಅಕ್ಕಾ, ಬೇಜಾರು ಮಾಡ್ಕೋಬೇಡಿ. ಅದನ್ನ ನಾನು ಸರಿ ಮಾಡ್ತೀನಿ. ಇನ್ಮೇಲೆ ತಪ್ಪು ಲೆಕ್ಕ ಬರಲ್ಲ.”

“ಸರಿ ಲೆಕ್ಕ ಬತ್ತದಾ?”

“ಹೂಂ. ಪಕ್ಕಾ ಬರುತ್ತೆ.”

ಲಕ್ಷ್ಮೀನರಸಮ್ಮ ಡಬ್ಬಿಯ ನೀರು ಕೊಡವಿದಳು. “ನಂಗೆ ಸುಗರ್ ಐತಮ್ಮ. ಬೇರೇರು ಎರಡು ಸಲ ಹೋದ್ರೆ ನಾನು ಐದು ಸಲ ಹೋಗ್ತೀನಿ. ಅದ್ನ ಸರಿಯಾಗಿ ಎಣ್ಸಿ ಗೋಡೆ ಮೇಲೆ ಹಾಕ್ತೀಯಾ? ಆ ಮುನೇಶ ಇವತ್ತು ಸುಳ್ಳು ನೋಡಿ ನಕ್ಕ. ನಾಳೆ ನಿಜ ನೋಡಿ ನಗ್ತಾನೆ. ಅಷ್ಟೇ ತಾನೇ ನೀನು ಸರಿ ಮಾಡೋದು?”

ಶಿರೀಷಾ ತೆರೆದೇ ಇದ್ದ ನಲ್ಲಿಯನ್ನು ನಿಲ್ಲಿಸಿದಳು.

“ಇದು ಹಿಂಗೆ ಕೆಡ್ತದೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಂತೆ?”

“ಗೊತ್ತಿತ್ತು. ಒಂದ್ಸಲ ಹೇಳ್ದೆ. ಅವ್ರು ಕೇಳ್ಲಿಲ್ಲ.”

“ಅವ್ರಿಗೆ ಹೇಳ್ದೆ. ನಮ್ಗೆ ಹೇಳ್ಲಿಲ್ಲ.” ಲಕ್ಷ್ಮೀನರಸಮ್ಮ ಡಬ್ಬಿಯ ಮುಚ್ಚಳ ಬಿಗಿ ಮಾಡಿದಳು. “ಆ ಸೆಂಟು ಹಾಕ್ಕೊಂಡು ಬಂದವ್ನಿಗೆ ಬುದ್ಧಿ ಇಲ್ಲ ಬಿಡು. ನಿಂಗಿತ್ತಲ್ಲ ತಾಯೀ.”

ದನಿಯಲ್ಲಿ ಸಿಟ್ಟಿರಲಿಲ್ಲ. ಹೊಲಿಗೆ ಬಿಟ್ಟ ಪೀಸನ್ನು ನೋಡಿ ಪಕ್ಕಕ್ಕೆಸೆಯುವಾಗ ಹೇಗೆ ನೋಡುತ್ತಿದ್ದಳೋ ಹಾಗೆ ಅವಳನ್ನು ಒಂದು ಸಲ ನೋಡಿ ಒಳಗೆ ಹೋದಳು. ಇಷ್ಟು ದಿನ ತಾನು ಬೇರೆಯವರ ಮೇಲೆ ಬೀರುತ್ತಿದ್ದ ನೋಟ ತನ್ನ ಮೇಲೆ ಬಿದ್ದಾಗ ಹೇಗಿರುತ್ತದೆಂದು ಶಿರೀಷಾಳಿಗೆ ಗೊತ್ತಾಯಿತು. ನಲ್ಲಿ ತಿರುಗಿಸಿ ಸುಮ್ಮನೆ ಕೈ ತೊಳೆಯುತ್ತ ನಿಂತಳು.

ರಮೇಶ್‌ಬಾಬು ಉದಯಕುಮಾರನನ್ನು ಚಿಂತಾಮಣಿಗೆ ವಾಪಸು ಕಳಿಸಿ, ಅವಳನ್ನು ಕರೆದ. ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೆ ಟಿವಿಗೆ ಕೊಟ್ಟ ದುಡ್ಡಿಗೆ ಮಾಲೀಕರಿಗೆ ಉತ್ತರ ಹೇಳಬೇಕಿತ್ತು. “ನೀನೇ ಮಾಡಮ್ಮ. ಪಕ್ಕಾ ಇರ್ಬೇಕು.”

“ಸರ್, ಬಾತ್‌ರೂಮಿನ ಲೆಕ್ಕ ಆ ಮೇಡಂಗೆ ಹಿಡಿಸ್ಲಿಲ್ಲ,” ಅಂದಳು ಶಿರೀಷಾ. ಅವನ ಜೊತೆ ಮಾತಾಡಬೇಕಾದರೆ ಯಾವ ಪದ ಬಳಸಬೇಕೆಂದು ಅವಳಿಗೆ ಗೊತ್ತಿತ್ತು. “ಡೌನ್‌ಟೈಮ್ ತೋರಿಸಣ. ಮಿಷನ್ ಕೆಟ್ಟು ಸುಮ್ನೆ ನಿಂತಿರುತ್ತಲ್ಲ, ಅದರಲ್ಲೇ ಟಾರ್ಗೆಟ್ ಹೋಗ್ತಿರೋದು. ಕೆಟ್ಟಾಗ ಹಸಿರು ಒತ್ತಲಿ, ರಿಪೇರಿ ಆದ್ಮೇಲೆ ಕೆಂಪು.”

“ಡೌನ್‌ಟೈಮ್,” ಅಂದ ರಮೇಶ್‌ಬಾಬು, ಚಪ್ಪರಿಸಿ. “ನಾನೂ ಅದನ್ನೇ ಅಂದ್ಕೊಂಡಿದ್ದೆ.”

“ಹೆಸ್ರು ಸಮೇತ ತಾನೇ ಸರ್?”

“ಹೆಸ್ರಿಲ್ದಿದ್ರೆ ಹೆಂಗೆ?”

ಈ ಸಲ ಅವಳು ಕೇಳಿದಷ್ಟು ದಿನ ಸಿಕ್ಕಿತು. ಅದುರುವ ಗುಂಡಿಗೆ ಕಿವಿ ಮುಚ್ಚಿಸಿದಳು, ಒತ್ತುಗಳನ್ನು ಸಾಲಿನಲ್ಲಿ ನಿಲ್ಲಿಸಿದಳು, ಟಿವಿಯ ಮೇಲೆ ಬದಲಾದ ಸಾಲನ್ನಷ್ಟೇ ಹೊಸದಾಗಿ ಬಿಡಿಸುವಂತೆ ಮಾಡಿದಳು. ಗುಲಾಬಿ ಮೆರವಣಿಗೆಯನ್ನು ಅಳಿಸಿದಳು. ಒತ್ತಿದ ಕೂಡಲೆ ಟಿವಿಯಲ್ಲಿ ಮಿಷನ್ನಿನ ನಂಬರು ಮೂಡುತ್ತಿತ್ತು. ಪಕ್ಕದಲ್ಲಿ ಅದನ್ನು ರಿಪೇರಿ ಮಾಡಬೇಕಾದ ಮೆಕ್ಯಾನಿಕ್ಕಿನ ಹೆಸರು, ಬರದೆ ಎಷ್ಟು ಹೊತ್ತಾಯಿತು ಎನ್ನುವುದು, ಕೊನೆಗೆ ಆ ಲೈನಿನ ಸೂಪರ್‌ವೈಸರ್ ಹೆಸರು. ಒಂದು ಒತ್ತು ಎಂದರೆ ಒಂದೇ. ಒಂದೂ ತಪ್ಪಲಿಲ್ಲ.

ಮೊದಲ ದಿನ ಬೆಳಿಗ್ಗೆಯೇ ಮುನೇಶ್ ಗೋಡೆ ಹತ್ತಿದ. ಅವನು ಗೋಡೌನಿನ ಹಿಂದೆ ಮೊಬೈಲಿನಲ್ಲಿ ರಮ್ಮಿ ಆಡುತ್ತ ಕೂರುವುದು ಎಲ್ಲರಿಗೂ ಗೊತ್ತಿದ್ದದ್ದೇ, ಆದರೆ ಅದು ಇಷ್ಟು ದೊಡ್ಡ ಅಕ್ಷರಗಳಲ್ಲಿ ಯಾವತ್ತೂ ಕಂಡಿರಲಿಲ್ಲ. ನಿಮಿಷಗಳು ಏರುತ್ತಿದ್ದವು. ಮುನೇಶ್, ಮುಕ್ಕಾಲು ಗಂಟೆ. ಹೆಂಗಸರು ಹೊಲಿಯುತ್ತಲೇ ಆಗಾಗ ಕತ್ತೆತ್ತಿ, ಧಾರಾವಾಹಿ ನೋಡಿದ ಹಾಗೆ ನೋಡಿದರು. ಬಂದ ಮುನೇಶನಿಗೆ ಒಬ್ಬಳು ಕೇಳಿದಳು: “ಏನಣ್ಣಾ, ಬಾತ್‌ರೂಮಿಗೆ ಹೋಗಿದ್ದಾ?”

ಎರಡನೆಯ ದಿನ ಮೆಕ್ಯಾನಿಕ್ಕುಗಳೂ ಸೂಪರ್‌ವೈಸರುಗಳೂ, ಅಷ್ಟೂ ಗಂಡಸರು, ಗುಂಪಾಗಿ ರಮೇಶ್‌ಬಾಬುವಿನ ಕೋಣೆಗೆ ನುಗ್ಗಿದರು. ಆ ಹೊತ್ತಿನಲ್ಲಿ ಶಿರೀಷಾ ಅಲ್ಲೇ ಪ್ರಿಂಟರ್ ನೋಡುತ್ತಿದ್ದಳು.

“ಏನ್ ಸಾರ್ ಇದು? ಹೆಂಗಸ್ರ ಮುಂದೆ ನಮ್ಮ ಹೆಸ್ರು ಹಾಕಿ ಮಾನ ತೆಗೀತೀರಾ? ನಾವೇನು ಕಳ್ಳರಾ?” ಅಂದ ಮುನೇಶ್. ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು.

ರಮೇಶ್‌ಬಾಬು ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ. “ನೋಡ್ರಪ್ಪಾ, ನಿಮ್ಮ ನೋವು ನಂಗೆ ಅರ್ಥ ಆಗುತ್ತೆ. ಮನುಷ್ಯರನ್ನ ಹಿಂಗೆ ಗೋಡೆ ಮೇಲೆ ಹಾಕೋದು ನಮ್ಮ ಸಂಸ್ಕೃತಿ ಅಲ್ಲ. ಮರ್ಯಾದೆ ಅನ್ನೋದು ದೊಡ್ಡದು.” ಹೀಗೆಂದು, ಅದನ್ನು ಹಾಕಿಸಿದ್ದು ತಾನಲ್ಲ, ಅವಳೇ ಎಂಬಂತೆ ಪ್ರಿಂಟರಿನ ಹತ್ತಿರವಿದ್ದ ಶಿರೀಷಾಳ ಕಡೆ ಕೆಕ್ಕರಿಸಿದ. ಸಂಜೆಯೊಳಗೆ ಗುಂಡಿಗಳು ಕಿತ್ತು ಬಂದವು. ಟಿವಿ ರಮೇಶ್‌ಬಾಬುವಿನ ಕೋಣೆ ಸೇರಿತು, ಕ್ರಿಕೆಟ್ ನೋಡುವುದಕ್ಕೆ.

ತಿಂಗಳು ಕಳೆದ ಮೇಲೆ ರಮೇಶ್‌ಬಾಬು ಇನ್ನೊಂದು ಹೋಟೆಲಿಗೆ ಹೋಗಿ ಬಂದು ಶಿರೀಷಾಳನ್ನು ಕರೆದ. ಈ ಸಲ ಕ್ಯಾಮೆರಾ. ಬಾತ್‌ರೂಮಿನ ಬಾಗಿಲಿಗೆ. ಮುಖ ಗುರುತು ಹಿಡಿದು ತಾನೇ ಲೆಕ್ಕ ಹಾಕುತ್ತದಂತೆ, ಯಾರೂ ಏನನ್ನೂ ಒತ್ತಬೇಕಾಗಿಲ್ಲವಂತೆ.

“ಮಾಡಲ್ಲ ಸರ್.”

“ಯಾಕಮ್ಮ? ನಿನ್ನ ಕೈಲಿ ಆಗಲ್ವಾ?”

“ಆಗುತ್ತೆ. ಮಾಡಲ್ಲ.”

ಅವನು ಕುರ್ಚಿ ತಿರುಗಿಸುವುದನ್ನು ನಿಲ್ಲಿಸಿದ. “ಹಂಗಾದ್ರೆ ಉದಯಕುಮಾರ್‌ಗೆ ಕೊಡ್ತೀನಿ.”

“ಕೊಡಿ ಸರ್. ಅದು ಎಲ್ಲೆಲ್ಲಿ ತಪ್ಪು ಹೇಳುತ್ತೆ, ಹೆಂಗೆ ಮುಖ ಮರೆಸಿದ್ರೆ ಗುರುತು ಹಿಡಿಯಲ್ಲ ಅಂತ ನಾನು ಮೊದ್ಲೇ ಎಲ್ಲಾ ಲೈನಿಗೂ ಹೇಳ್ಬಿಡ್ತೀನಿ. ಆ ಬಾಗಿಲ ಫೋಟೊ ಒಂದು ಆ ಮೇಡಂಗೂ ಕಳಿಸ್ತೀನಿ.”

ರಮೇಶ್‌ಬಾಬು ಅವಳನ್ನು ದಿಟ್ಟಿಸಿ ನೋಡಿದ. ಕೆಲಸದಿಂದ ತೆಗೆಯುವ ಮಾತು ಅವನ ಬಾಯಿ ತನಕ ಬಂದದ್ದು ಅವಳಿಗೆ ಕಂಡಿತು. ಅದು ನಾಲಿಗೆ ದಾಟಿ ಹೊರಗೆ ಬರುವಷ್ಟು ಗಟ್ಟಿ ಗಂಡಸು ಅವನಲ್ಲ ಎನ್ನುವುದೂ ಗೊತ್ತಿತ್ತು. ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ಊಟಕ್ಕೆ ಇನ್ನೂ ಹೊತ್ತಿತ್ತು. ಹೊಲಿಗೆ ಲೈನಿನ ಕಡೆ ನಡೆದು, ಲಕ್ಷ್ಮೀನರಸಮ್ಮನ ಮಿಷನ್ನಿನ ಪಕ್ಕದಲ್ಲಿ ನಿಂತು, ಕ್ಯಾಮೆರಾದ ವಿಷಯವನ್ನು ಮೊದಲಿನಿಂದ ಹೇಳತೊಡಗಿದಳು.